ಸಫೋಕ್‌ನ ಅರ್ಲ್ ಚಾರ್ಲ್ಸ್ ಹೋವರ್ಡ್

ಸಿಡಿಯದೆ ಉಳಿದ ಬಾಂಬನ್ನು ನಿಷ್ಕ್ರಿಯಗೊಳಿಸುವುದೆಂದರೆ ಸರಿಯಾದ ತಂತಿಯೊಂದನ್ನು ಹುಡುಕಿ ಕತ್ತರಿಸುವುದು ಎಂಬ ಭಾವನೆಯನ್ನು ಚಲನಚಿತ್ರಗಳು ಬೆಳೆಸಿವೆ. ಆ ಕಾರ್ಯ ವಾಸ್ತವದಲ್ಲಿ ಎಷ್ಟು ಜಟಿಲವೆಂಬುದು ಚಾರ್ಲ್ಸ್ ಹೋವರ್ಡ್ ಅವರ ಬದುಕಿನಿಂದ ತಿಳಿಯುತ್ತದೆ.

೧೯೦೬ರಲ್ಲಿ ಜನಿಸಿದ ಹೋವರ್ಡ್ ಇಂಗ್ಲೆಂಡಿನ ಸಫೋಕ್ ಮನೆತನದ ಇಪ್ಪತ್ತನೆಯ ಅರ್ಲ್. ಅವರ ತಾಯಿ, ಭಾರತದ ವೈಸ್‌ರಾಯ್ ಆಗಿದ್ದ ಲಾರ್ಡ್ ಕರ್ಜನ್ನರ ಪತ್ನಿಯ ತಂಗಿ. ತಂದೆ ೧೯೧೭ರಲ್ಲಿ ಮೆಸೊಪೊಟೇಮಿಯಾದ ಯುದ್ಧದಲ್ಲಿ ಮಡಿದಾಗ ಬಾಲಕನಿಗೆ ಹನ್ನೊಂದು ವರ್ಷ. ಕುಳಿತು ಉಣ್ಣುವಷ್ಟು ಸಂಪತ್ತಿದ್ದರೂ ಅವರು ಹಾಯಿಹಡಗಿನಲ್ಲಿ ದುಡಿದರು, ಆಸ್ಟ್ರೇಲಿಯಾದಲ್ಲಿ ಕೆಲಕಾಲ ನೆಲೆಸಿದರು. ಬಳಿಕ ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ಔಷಧವಿಜ್ಞಾನ ಓದಿ ಪದವಿ ಪಡೆದರು. ೧೯೪೦ರ ಜೂನ್‌ನಲ್ಲಿ ಫ್ರಾನ್ಸ್ ಜರ್ಮನಿಯ ವಶವಾಗುತ್ತಿದ್ದಾಗ, ವಿಜ್ಞಾನಿಗಳನ್ನೂ ಪರಮಾಣು ಸಂಶೋಧನೆಗೆ ಅವಶ್ಯವಾದ ಭಾರಜಲವನ್ನೂ ಬೋರ್ಡೊ ಬಂದರಿನಿಂದ ಹಡಗಿನಲ್ಲಿ ಇಂಗ್ಲೆಂಡಿಗೆ ಸುರಕ್ಷಿತವಾಗಿ ತಲುಪಿಸಿದರು.

ಅದೇ ವರ್ಷ ಜರ್ಮನ್ ವಿಮಾನಗಳು ಲಂಡನ್ನಿನ ಮೇಲೆ ಬಾಂಬು ಸುರಿಸತೊಡಗಿದವು. ಬಿದ್ದ ಬಾಂಬುಗಳಲ್ಲಿ ಹಲವು ಸಿಡಿಯಲಿಲ್ಲ. ಸಿಡಿಯದ ಬಾಂಬೆಲ್ಲ ಕೆಟ್ಟ ಬಾಂಬಲ್ಲ. ೧೭ನೆಯ ಸಂಖ್ಯೆಯ ಫ್ಯೂಸ್‌ನೊಳಗಿನ ಗಡಿಯಾರ ಸ್ಫೋಟವನ್ನು ಮೂರು ದಿನಗಳವರೆಗೂ ತಡೆದಿಡಬಲ್ಲುದಾಗಿತ್ತು. ನಿಂತ ಗಡಿಯಾರ ಸಣ್ಣ ಅಲುಗಾಟಕ್ಕೆ ಮತ್ತೆ ನಡೆಯತೊಡಗಬಹುದಿತ್ತು. ೫೦ನೆಯ ಸಂಖ್ಯೆಯ ಫ್ಯೂಸ್ ಇದ್ದರೆ ಬಾಂಬನ್ನು ಕದಲಿಸಿದರೇ ಸ್ಫೋಟ. ಫ್ಯೂಸನ್ನು ಹೊರಗೆಳೆದೊಡನೆ ಸಿಡಿಯುವ ಸಾಧನವನ್ನೂ ಕೆಲವೆಡೆ ಅದರ ಕೆಳಗೆ ಅಡಗಿಸಿರುತ್ತಿದ್ದರು. ಅಂದರೆ ಈ ತಂತ್ರಗಳ ಗುರಿ ಊರಷ್ಟೇ ಅಲ್ಲ, ಬಾಂಬನ್ನು ಬಿಚ್ಚಲು ಬರುವವನೂ ಆಗಿದ್ದನು. ಒಂದು ಫ್ಯೂಸಿಗೆ ಉಪಾಯ ದೊರೆಯುವಷ್ಟರಲ್ಲಿ ಎದುರಾಳಿ ಮತ್ತೊಂದನ್ನು ರೂಪಿಸುತ್ತಿದ್ದನು. ನಿನ್ನೆಯ ಅನುಭವವೇ ಇಂದು ಮೃತ್ಯುವಿಗೆ ದಾರಿಯಾಗಬಹುದಿತ್ತು.

ಹೋವರ್ಡ್ ಈ ಸಮಸ್ಯೆಯನ್ನು ಸಾಹಸವೆಂದಲ್ಲ, ಸಂಶೋಧನೆಯೆಂದು ಸ್ವೀಕರಿಸಿದರು. ಹೊಸ ಬಗೆಯ ಫ್ಯೂಸುಗಳನ್ನು ಸಿಡಿಯದಂತೆ ಹೊರತೆಗೆದು ಅಭ್ಯಸಿಸುವುದು ಅವರ ಕಾರ್ಯವಾಗಿತ್ತು. ಕಾರ್ಯದರ್ಶಿ ಐಲೀನ್ ಬೆರಿಲ್ ಮಾರ್ಡನ್ ಮತ್ತು ವಾಹನಚಾಲಕ ಫ್ರೆಡ್ ಹಾರ್ಡ್ಸ್ ಅವರ ಸಂಗಾತಿಗಳು. ಹೋವರ್ಡ್ ಪ್ರತಿಯೊಂದು ಹೆಜ್ಜೆಯನ್ನೂ ಹೇಳುತ್ತ ಹೋದಂತೆ ಮಾರ್ಡನ್ ಬರೆದುಕೊಳ್ಳುತ್ತಿದ್ದರು. ಕೈತಪ್ಪಿದರೆ ಎರಡನೆಯ ಅವಕಾಶವಿಲ್ಲದ ಆ ವಿದ್ಯೆಯಲ್ಲಿ, ಒಬ್ಬನು ಕಂಡುಕೊಂಡುದು ಇನ್ನೊಬ್ಬನಿಗೆ ದಾಟಲು ಬರಹವೇ ಆಧಾರವಾಗಿತ್ತು. ಹೀಗೆ ಈ ಮೂವರು ೩೦ಕ್ಕೂ ಹೆಚ್ಚು ಬಾಂಬುಗಳನ್ನು ನಿಷ್ಕ್ರಿಯಗೊಳಿಸಿದರು.

೧೯೪೧ರ ಮೇ ೧೨ರಂದು ಲಂಡನ್ನಿನ ಅಂಚಿನ ಎರಿತ್ ಜೌಗುಭೂಮಿಯಲ್ಲಿ, ತಿಂಗಳುಗಳ ಹಿಂದೆ ಬಿದ್ದು ತುಕ್ಕುಹಿಡಿದಿದ್ದ ೨೫೦ ಕಿಲೋ ತೂಕದ ಬಾಂಬಿನ ಫ್ಯೂಸ್ ತೆಗೆಯುತ್ತಿದ್ದಾಗ ಅದು ಸಿಡಿಯಿತು. ಮೂವರೂ ಮಡಿದರು, ನೆರವಿಗಿದ್ದ ಸೈನಿಕರಲ್ಲಿಯೂ ಹಲವರು ಅಸುನೀಗಿದರು. ಹೋವರ್ಡ್‌ಗೆ ಆಗ ಮೂವತ್ತೈದು ವರ್ಷ.

ಅದೇ ವರ್ಷ ಅವರಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಪದಕ ಸಂದಿತು. ಮಾರ್ಡನ್ ಮತ್ತು ಹಾರ್ಡ್ಸ್ ಅವರ ಧೈರ್ಯಕ್ಕೂ ದೊರೆಯ ಪ್ರಶಂಸೆ ದೊರೆಯಿತು. ಇತಿಹಾಸದಲ್ಲಿ ಅರ್ಲ್‌ನ ಹೆಸರು ದೊಡ್ಡದಾಗಿ ಉಳಿದಿದೆ. ಆದರೆ ಬಾಂಬಿನ ಪಕ್ಕದಲ್ಲಿ ಲೇಖನಿ ಹಿಡಿದು ನಿಂತವರಿಗೂ ಅಷ್ಟೇ ಸ್ಥೈರ್ಯ ಬೇಕಿತ್ತು.