ಗಡಿನಾಡಿನ ಅಕ್ಷರಸೇವಕಿ ಹೊವೀತಾ ಇದಾರ್

ನದಿಯು ಹರಿಯುವುದು ಎರಡು ದಡಗಳಿಗೂ ನೀರುಣಿಸುವುದಕ್ಕಾಗಿ. ಅದನ್ನೇ ರಾಜ್ಯಗಳ ಗಡಿಯಾಗಿಸಿದಾಗ ಒಂದೇ ನುಡಿಯ ಜನರು ಎರಡು ದೇಶಗಳ ಪ್ರಜೆಗಳಾಗುವರು. ಉತ್ತರ ಅಮೆರಿಕದ ರಿಯೊ ಗ್ರ್ಯಾಂಡ್ ನದೀತೀರದಲ್ಲಿ ನಡೆದುದು ಇದೇ. 1755ರಲ್ಲಿ ಸ್ಪೇನಿನ ಆಳ್ವಿಕೆಯಲ್ಲಿ ಸ್ಥಾಪಿತವಾದ ಲರೇಡೊ ಪಟ್ಟಣವು, ಮೆಕ್ಸಿಕೊ ಯುದ್ಧವನ್ನು ಕೊನೆಗಾಣಿಸಿದ 1848ರ ಒಪ್ಪಂದದಿಂದ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಸೇರಿತು. ಮೆಕ್ಸಿಕೊದ ಪ್ರಜೆಗಳಾಗಿಯೇ ಉಳಿಯಬಯಸಿದ ಹಲವರು ನದಿ ದಾಟಿ, ಎದುರುದಡದಲ್ಲಿ ನುವೆವೊ ಲರೇಡೊ, ಎಂದರೆ ಹೊಸ ಲರೇಡೊ ಎಂಬ ಊರನ್ನು ಕಟ್ಟಿಕೊಂಡರು. ಈಚೆ ಉಳಿದವರ ಸಂತತಿಯು ಕಾಲಕ್ರಮದಲ್ಲಿ ಟೆಕ್ಸಾಸಿನ ಹಲವೆಡೆ ತನ್ನ ನೆಲದಲ್ಲಿಯೇ ಪರಕೀಯರಂತೆ ಬಾಳಬೇಕಾಯಿತು.

ಇಂತಹ ಲರೇಡೊದಲ್ಲಿ 1885ರ ಸೆಪ್ಟೆಂಬರಿನಲ್ಲಿ ಹೊವೀತಾ ಇದಾರ್ ಅವರು ಜನಿಸಿದರು. ತಂದೆ ನಿಕಾಸಿಯೊ ಇದಾರ್ ಅವರು ‘ಲಾ ಕ್ರೋನಿಕಾ’ ಎಂಬ ಸ್ಪ್ಯಾನಿಷ್ ಪತ್ರಿಕೆಯ ಪ್ರಕಾಶಕರು. 1903ರಲ್ಲಿ ಶಿಕ್ಷಕ ವೃತ್ತಿಯ ಅರ್ಹತಾಪತ್ರವನ್ನು ಪಡೆದ ಹೊವೀತಾ ಅವರು ಲಾಸ್ ಓಹ್ವೆಲೋಸ್ ಎಂಬ ಸಣ್ಣ ಊರಿನಲ್ಲಿ ಅಧ್ಯಾಪಕಿಯಾದರು. ಅಲ್ಲಿ ಮಕ್ಕಳಿಗೆ ಸಾಕಷ್ಟು ಪುಸ್ತಕಗಳಿರಲಿಲ್ಲ; ಕುಳಿತುಕೊಳ್ಳಲು ಆಸನಗಳೂ ಸಾಲುತ್ತಿರಲಿಲ್ಲ. ತಾನೊಬ್ಬಳೇ ಪಾಠ ಹೇಳುವುದರಿಂದ ಈ ದುಃಸ್ಥಿತಿ ನೀಗದೆಂದರಿತು, ಕೆಲಸವನ್ನು ತೊರೆದು ಸೋದರರೊಡನೆ ತಂದೆಯ ಪತ್ರಿಕೆಯಲ್ಲಿ ಲೇಖನಿ ಹಿಡಿದರು.

ಮೆಕ್ಸಿಕನ್ ಮಕ್ಕಳನ್ನು ಶಾಲೆಗಳಲ್ಲಿ ಬೇರೆಯಾಗಿಡುತ್ತಿದ್ದುದನ್ನೂ, ವಿಚಾರಣೆಯಿಲ್ಲದೆ ಜನರ ಗುಂಪುಗಳು ನಡೆಸುತ್ತಿದ್ದ ಕೊಲೆಗಳನ್ನೂ ಆ ಪತ್ರಿಕೆಯು ನಿರ್ಭೀತಿಯಿಂದ ಖಂಡಿಸಿತು. ಇಂಗ್ಲಿಷನ್ನು ಕಲಿಯಬಾರದೆಂಬುದು ಅದರ ವಾದವಾಗಿರಲಿಲ್ಲ. ಮಾತೃಭಾಷೆಯನ್ನೂ ಪೂರ್ವಜರ ಚರಿತ್ರೆಯನ್ನೂ ಮರೆಸಬಾರದೆಂಬುದೇ ಅದರ ನಿಲುವು. 1911ರಲ್ಲಿ ಇದಾರ್ ಕುಟುಂಬದ ಪ್ರಯತ್ನದಿಂದ ಲರೇಡೊದಲ್ಲಿ ಪ್ರಥಮ ಮೆಕ್ಸಿಕನ್ ಸಮ್ಮೇಳನವು ನೆರೆಯಿತು. ಅದರ ಫಲವಾಗಿ ಹುಟ್ಟಿದ ಮಹಿಳಾ ಸಂಘಕ್ಕೆ ಹೊವೀತಾ ಅವರೇ ಮೊದಲ ಅಧ್ಯಕ್ಷೆಯಾದರು. ಬಡ ಮಕ್ಕಳಿಗೆ ಉಚಿತವಾಗಿ ವಿದ್ಯೆಯನ್ನೀಯುವುದೇ ಆ ಸಂಘದ ಮೊದಲ ಕಾರ್ಯವಾಯಿತು.

1913ರಲ್ಲಿ ಮೆಕ್ಸಿಕೊದ ಕ್ರಾಂತಿಯ ಜ್ವಾಲೆಯು ನುವೆವೊ ಲರೇಡೊವನ್ನು ಮುಟ್ಟಿದಾಗ, ಅವರು ಲಿಯೊನೋರ್ ವಿಯೇಗಾಸ್ ದೆ ಮಾಗ್ನೋನ್ ಅವರೊಡನೆ ನದಿ ದಾಟಿ ಗಾಯಾಳುಗಳ ಶುಶ್ರೂಷೆಗೈದರು. 1914ರಲ್ಲಿ ‘ಎಲ್ ಪ್ರೊಗ್ರೆಸೊ’ ಪತ್ರಿಕೆಯು ಅಧ್ಯಕ್ಷ ವಿಲ್ಸನ್ನರ ಸೇನಾ ನೀತಿಯನ್ನು ಟೀಕಿಸಿತು. ಅದನ್ನು ಮುಚ್ಚಿಸಲೆಂದು ‘ರೇಂಜರ್’ ಎಂಬ ಟೆಕ್ಸಾಸಿನ ಸಶಸ್ತ್ರ ಪೊಲೀಸರು ಬಂದರು. ಹೊವೀತಾ ಅವರು ಮುದ್ರಣಾಲಯದ ಬಾಗಿಲಿಗೆ ಅಡ್ಡವಾಗಿ ನಿಂತರು, ಬಂದವರು ಹಿಂದಿರುಗಿದರು. ಬಳಿಕ ಆಕೆಯಿಲ್ಲದ ವೇಳೆ ಬಂದು ಯಂತ್ರಗಳನ್ನು ಒಡೆದುಹಾಕಿದರು. ಯಂತ್ರ ಮುರಿಯಿತೇ ಹೊರತು ಮನಸ್ಸು ಮುರಿಯಲಿಲ್ಲ. 1916ರಲ್ಲಿ ಸೋದರ ಎಡ್ವಾರ್ಡೊ ಅವರೊಡನೆ ‘ಎವೊಲುಸಿಯೋನ್’ ಎಂಬ ಮತ್ತೊಂದು ಪತ್ರಿಕೆಯನ್ನು ಆರಂಭಿಸಿದರು.

1917ರಲ್ಲಿ ಬಾರ್ತೊಲೊ ಹ್ವಾರೆಜ್ ಅವರನ್ನು ವಿವಾಹವಾಗಿ ಸ್ಯಾನ್ ಆಂಟೋನಿಯೊ ನಗರದಲ್ಲಿ ನೆಲೆಸಿದ ಮೇಲೆಯೂ ಅವರ ಕಾಯಕ ನಿಲ್ಲಲಿಲ್ಲ. ಉಚಿತ ಶಿಶುವಿಹಾರವೊಂದನ್ನು ತೆರೆದರು. ಆಸ್ಪತ್ರೆಯಲ್ಲಿ ಇಂಗ್ಲಿಷ್ ಬಾರದ ರೋಗಿಗಳಿಗೆ ದುಭಾಷಿಯಾದರು. 1946ರ ಜೂನ್ ತಿಂಗಳಲ್ಲಿ ಅವರು ಕಾಲವಶರಾದರು. ಯಾವ ಸರಕಾರದ ನೀತಿಯನ್ನು ಟೀಕಿಸಿದ್ದಕ್ಕಾಗಿ ಅವರ ಮುದ್ರಣಾಲಯ ಹಾಳಾಯಿತೋ ಅದೇ ಸರಕಾರವು 2023ರಲ್ಲಿ ಕಾಲು ಡಾಲರಿನ ನಾಣ್ಯದ ಮೇಲೆ ಅವರ ಮೂರ್ತಿಯನ್ನು ಅಚ್ಚೊತ್ತಿಸಿತು.

ವಿದ್ಯಾರ್ಥಿಗಳು ಈ ಚರಿತ್ರೆಯಿಂದ ಗ್ರಹಿಸತಕ್ಕ ತತ್ತ್ವವೊಂದುಂಟು. ಪರಭಾಷೆಯನ್ನು ಕಲಿಯುವುದು ಸಂಪಾದನೆ. ತಾಯ್ನುಡಿಯನ್ನು ಕಾಯುವುದು ಋಣಸಂದಾಯ. ಎರಡೂ ಕೈಗೂಡಿದ ಆ ಗಡಿನಾಡಿನ ಮಗಳು, ತಾನು ಕಲಿತುದನ್ನು ಕಲಿಯದವರಿಗೆ ಹಂಚಿ ಧನ್ಯಳಾದಳು. ವಿದ್ಯಾದಾಸೋಹವೆಂದರೆ ಇದೇ ಅಲ್ಲವೇ?