ಡಾ॥ ಸಾಲ್ ಹರ್ಟ್ಸ್

ಹೊಸ ಮದ್ದನ್ನು ಕಂಡುಹಿಡಿಯುವುದು ಕಷ್ಟ. ಅದನ್ನು ವೈದ್ಯರೇ ಒಪ್ಪುವಂತೆ ಮಾಡುವುದು ಇನ್ನೂ ಕಷ್ಟ. ರೋಗಿಯ ಪ್ರಾಣದ ಹೊಣೆ ಹೊತ್ತವರು ತಮಗೆ ತಿಳಿದ ದಾರಿಯನ್ನು ಸುಲಭವಾಗಿ ಬಿಡುವುದಿಲ್ಲ; ಬಿಡಲೂ ಬಾರದು. ಆದರೆ ಆ ಎಚ್ಚರಿಕೆಯೇ ಬೇಲಿಯಾಗಿ ನಿಂತರೆ ಹೊಸ ಮದ್ದು ರೋಗಿಯನ್ನು ತಲಪುವುದಾದರೂ ಹೇಗೆ? ಥೈರಾಯಿಡ್ ಗ್ರಂಥಿಯ ಅತಿಚಟುವಟಿಕೆಗೆ ಕತ್ತಿಯಿಲ್ಲದ ಚಿಕಿತ್ಸೆಯೊಂದನ್ನು ತಂದುಕೊಟ್ಟ ಅಮೆರಿಕದ ವೈದ್ಯ ಡಾ॥ ಸಾಲ್ ಹರ್ಟ್ಸ್‌ನ ಬಾಳು ಈ ಪ್ರಶ್ನೆಯ ಸುತ್ತಲೇ ಸವೆಯಿತು. ಅವನು ಬದುಕಿದ್ದು 45 ವರ್ಷ ಮಾತ್ರ.

ಹರ್ಟ್ಸ್ ಹುಟ್ಟಿದ್ದು 1905ರ ಏಪ್ರಿಲ್ 20ರಂದು, ಓಹಾಯೋ ಸಂಸ್ಥಾನದ ಕ್ಲೀವ್‌ಲೆಂಡ್ ನಗರದಲ್ಲಿ. ತಂದೆತಾಯಿಗಳು ಪೋಲೆಂಡಿನಿಂದ ವಲಸೆ ಬಂದ ಯೆಹೂದ್ಯರು; ಆಚಾರವಂತರು. ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಓದಿ, ಹುಡುಗನು ಹಾರ್ವರ್ಡ್ ವೈದ್ಯಕೀಯ ಶಾಲೆಯನ್ನು ಸೇರಿದನು. ಯೆಹೂದ್ಯ ವಿದ್ಯಾರ್ಥಿಗಳಿಗೆ ಅಂಥ ಕಡೆ ಪ್ರವೇಶ ದೊರೆಯುವುದೇ ದುರ್ಲಭವಾಗಿದ್ದ ಕಾಲ ಅದು. 1929ರಲ್ಲಿ ಪದವಿ ಪಡೆದು, ಕ್ಲೀವ್‌ಲೆಂಡಿನಲ್ಲಿ ತರಬೇತಿ ಮುಗಿಸಿ, 1931ರಲ್ಲಿ ಬಾಸ್ಟನ್ ನಗರಕ್ಕೆ ಮರಳಿದನು. ಅಲ್ಲಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಡಾ॥ ಹೋವರ್ಡ್ ಮೀನ್ಸ್ ಕಟ್ಟಿ ಬೆಳೆಸಿದ ಥೈರಾಯಿಡ್ ಚಿಕಿತ್ಸಾಲಯಕ್ಕೆ ಸ್ವಯಂಸೇವಕನಾಗಿ ಸೇರಿದವನು ಮುಂದೆ ಅದರ ಮುಖ್ಯಸ್ಥನೇ ಆದನು.

ಥೈರಾಯಿಡ್ ಎಂಬುದು ಕತ್ತಿನ ಮುಂಭಾಗದಲ್ಲಿರುವ ಪುಟ್ಟ ಗ್ರಂಥಿ. ನಾವು ಉಣ್ಣುವ ಆಹಾರದಲ್ಲಿನ ಅಯೋಡಿನ್ನನ್ನು ಹೀರಿಕೊಂಡು, ದೇಹದ ಒಲೆಯ ಉರಿಯನ್ನು ಹದದಲ್ಲಿಡುವ ರಸವನ್ನು ಅದು ತಯಾರಿಸುತ್ತದೆ. ಈ ಗ್ರಂಥಿ ಮಿತಿಮೀರಿ ದುಡಿಯತೊಡಗಿದರೆ ಉರಿ ಹೆಚ್ಚುತ್ತದೆ. ಎಷ್ಟು ಉಂಡರೂ ರೋಗಿ ಸೊರಗುತ್ತಾನೆ, ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ನಿದ್ರೆ ದೂರವಾಗುತ್ತದೆ, ಕೆಲವರಿಗೆ ಕಣ್ಣುಗುಡ್ಡೆಗಳು ಮುಂದಕ್ಕೆ ಚಾಚಿಕೊಳ್ಳುತ್ತವೆ. ಐರ್ಲೆಂಡಿನ ರಾಬರ್ಟ್ ಗ್ರೇವ್ಸ್ 1835ರಲ್ಲಿ ವರ್ಣಿಸಿದ್ದರಿಂದ ಈ ರೋಗದ ಮುಖ್ಯ ಬಗೆಗೆ ಅವನ ಹೆಸರೇ ನಿಂತಿದೆ. ಚಿಕಿತ್ಸೆ ದೊರೆಯದೆ ಹೋದರೆ ಹೃದಯ ಸೋತು ರೋಗಿ ಸಾಯುವುದೂ ಉಂಟು.

ಹರ್ಟ್ಸ್ ವೈದ್ಯನಾದ ಕಾಲಕ್ಕೆ ಇದಕ್ಕಿದ್ದ ಮುಖ್ಯ ಪರಿಹಾರ ಶಸ್ತ್ರಚಿಕಿತ್ಸೆ. ಕತ್ತನ್ನು ಸೀಳಿ ಗ್ರಂಥಿಯ ಬಹುಭಾಗವನ್ನು ತೆಗೆದುಹಾಕುತ್ತಿದ್ದರು. ಸ್ವಿಟ್ಸರ್ಲೆಂಡಿನ ಥಿಯೊಡೋರ್ ಕೋಖರ್ ಈ ಗ್ರಂಥಿಯ ಅಧ್ಯಯನ ಮತ್ತು ಶಸ್ತ್ರಕ್ರಿಯೆಗಾಗಿಯೇ 1909ರಲ್ಲಿ ನೊಬೆಲ್ ಬಹುಮಾನ ಪಡೆದಿದ್ದನು. ಅಮೆರಿಕದ ಹೆನ್ರಿ ಪ್ಲಮರ್ 1920ರ ದಶಕದ ಆದಿಯಲ್ಲಿ, ಶಸ್ತ್ರಕ್ರಿಯೆಗೆ ಮೊದಲು ಸಾಮಾನ್ಯ ಅಯೋಡಿನ್ ಕೊಟ್ಟರೆ ರೋಗದ ಉಗ್ರತೆ ಕೆಲಕಾಲ ತಗ್ಗುವುದೆಂದು ತೋರಿಸಿದ ಮೇಲೆ ಅಪಾಯ ಬಹಳಷ್ಟು ಕಡಿಮೆಯಾಯಿತು. ಆದರೂ ಕತ್ತಿ ಕತ್ತಿಯೇ. ಧ್ವನಿಯ ನರಕ್ಕೆ ಪೆಟ್ಟಾದೀತು. ರೋಗ ಮರಳಿ ಬಂದೀತು. ಹೃದಯ ಕುಗ್ಗಿದವರು ಮೇಜಿನ ಮೇಲೆಯೇ ಉಳಿದಾರು.

1936ರ ನವೆಂಬರ್ 12ರಂದು, ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ಅಧ್ಯಕ್ಷ ಕಾರ್ಲ್ ಕಾಂಪ್ಟನ್ ಹಾರ್ವರ್ಡಿನ ವೈದ್ಯರ ಮುಂದೆ, ಭೌತಶಾಸ್ತ್ರವು ವೈದ್ಯಕ್ಕೆ ಏನು ಮಾಡಬಲ್ಲದೆಂಬ ವಿಷಯವಾಗಿ ಉಪನ್ಯಾಸ ಮಾಡಿದನು. ಕೇಳಲು ಬಂದವರಲ್ಲಿ ಹರ್ಟ್ಸನೂ ಇದ್ದನು. ಅಯೋಡಿನ್ನನ್ನು ಕೃತಕವಾಗಿ ವಿಕಿರಣಶೀಲವಾಗಿ ಮಾಡಬಹುದೆ ಎಂಬುದು ಅವನು ಎದ್ದು ಕೇಳಿದ ಪ್ರಶ್ನೆ. ಕಾಂಪ್ಟನ್ನನಿಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಒಂದು ತಿಂಗಳು ಕಳೆದ ಮೇಲೆ, ಡಿಸೆಂಬರ್ 15ರಂದು ಕಾಗದ ಬರೆದು, ಅದು ಸಾಧ್ಯವೆಂದು ತಿಳಿಸಿದನು. ಆದರೆ ಹಾಗೆ ತಯಾರಾದ ಅಯೋಡಿನ್ನಿನ ಶಕ್ತಿ 25 ನಿಮಿಷಕ್ಕೆ ಅರ್ಧಕ್ಕೆ ಇಳಿಯುತ್ತಿತ್ತು.

ಪ್ರಶ್ನೆಯ ಹಿಂದಿನ ಯೋಚನೆ ಸರಳವಾದುದು. ಗ್ರಂಥಿಗೆ ಸಾಮಾನ್ಯ ಅಯೋಡಿನ್ ಯಾವುದು, ವಿಕಿರಣ ಸೂಸುವ ಅಯೋಡಿನ್ ಯಾವುದು ಎಂಬ ಭೇದ ತಿಳಿಯದು. ಎರಡನ್ನೂ ಅದು ಸಮನಾಗಿ ಹೀರುತ್ತದೆ. ರೋಗಗ್ರಸ್ತವಾಗಿದ್ದರೆ ಇನ್ನಷ್ಟು ಆತುರದಿಂದ ಹೀರುತ್ತದೆ. ಹೀಗೆ ಒಳಹೊಕ್ಕ ಅಯೋಡಿನ್ನಿನ ಕಿರಣಗಳು ಕೆಲವೇ ಮಿಲಿಮೀಟರ್ ದೂರ ಸಾಗಿ, ಮಿತಿಮೀರಿದ ಜೀವಕೋಶಗಳನ್ನು ಇದ್ದಲ್ಲಿಯೇ ಸುಡಬಲ್ಲವು. ಅತಿ ಆಸೆ ಗತಿಗೇಡು ಎಂಬ ನಮ್ಮ ಗಾದೆ ಗ್ರಂಥಿಗೂ ಸಲ್ಲುವುದೆಂದು ಹೇಳಬಹುದು.

ಆರ್ಥರ್ ರಾಬರ್ಟ್ಸ್ ಎಂಬ ತರುಣ ಭೌತವಿಜ್ಞಾನಿ ಜೊತೆಗೂಡಿದನು. 1937ರಲ್ಲಿ 48 ಮೊಲಗಳ ಮೇಲೆ ಪ್ರಯೋಗ ನಡೆಯಿತು. ಮರುವರ್ಷ ಫಲಿತಾಂಶ ಪ್ರಕಟವಾಯಿತು. ಕೆರಳಿದ ಗ್ರಂಥಿ ಹೆಚ್ಚು ಅಯೋಡಿನ್ನನ್ನು ಹಿಡಿದಿಡುವುದೆಂಬುದು ಸಿದ್ಧವಾಯಿತು. ಮನುಷ್ಯರಿಗೆ ಕೊಡಬೇಕಾದರೆ ಹೆಚ್ಚು ಕಾಲ ಬಾಳುವ ಅಯೋಡಿನ್ ಬೇಕು. ಅದಕ್ಕೆ ಸೈಕ್ಲೋಟ್ರಾನ್ ಎಂಬ ಯಂತ್ರ ಬೇಕು. ಧರ್ಮನಿಧಿಯೊಂದರ ನೆರವಿನಿಂದ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಅದೂ ಸಿದ್ಧವಾಯಿತು. 1941ರ ಮಾರ್ಚ್ 31ರಂದು ಹರ್ಟ್ಸ್ ಗ್ರೇವ್ಸ್ ರೋಗದ ಮಹಿಳೆಯೊಬ್ಬಳಿಗೆ ಈ ಔಷಧವನ್ನು ಕೊಟ್ಟನು. ಚಿಕಿತ್ಸೆಗಾಗಿ ವಿಕಿರಣ ಅಯೋಡಿನ್ ಪಡೆದ ಮೊದಲ ರೋಗಿ ಆಕೆ. ಅದೇ ವರ್ಷ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಜೋಸೆಫ್ ಹ್ಯಾಮಿಲ್ಟನ್ನನ ತಂಡವೂ ಇದೇ ದಾರಿ ಹಿಡಿಯಿತು.

ಇಲ್ಲಿಂದ ಹರ್ಟ್ಸ್‌ನ ನಿಜವಾದ ಪರೀಕ್ಷೆ ಮೊದಲಾಯಿತು. ರೋಗಿಗೆ ಅಪಾಯವಾಗದಿರಲೆಂದು ಅವನು ವಿಕಿರಣ ಅಯೋಡಿನ್ ಕೊಟ್ಟ ಕೆಲವು ದಿನಗಳಲ್ಲಿ ಸಾಮಾನ್ಯ ಅಯೋಡಿನ್ನನ್ನೂ ಕೊಡುತ್ತಿದ್ದನು. ರೋಗ ತಗ್ಗಿತು, ನಿಜ. ಆದರೆ ತಗ್ಗಿಸಿದ್ದು ಯಾವುದು? ಸಾಮಾನ್ಯ ಅಯೋಡಿನ್ನಿಗೂ ಆ ಗುಣವುಂಟೆಂದು ಪ್ಲಮರ್ ಆಗಲೇ ತೋರಿಸಿದ್ದನಲ್ಲವೆ? ಹಿರಿಯರ ಈ ಸಂದೇಹದಲ್ಲಿ ಹುರುಳಿರಲಿಲ್ಲವೆಂದು ಹೇಳಲಾಗದು. ಇದಕ್ಕೆ ಉತ್ತರ ವಾದದಿಂದ ದೊರೆಯತಕ್ಕದ್ದಲ್ಲ. ರೋಗಿಗಳನ್ನು ವರ್ಷಗಟ್ಟಲೆ ನೋಡಿಕೊಂಡು, ಮದ್ದು ನಿಂತ ಮೇಲೂ ಆರೋಗ್ಯ ನಿಲ್ಲುವುದೆ ಎಂದು ಪರೀಕ್ಷಿಸಿಯೇ ದೊರೆಯಬೇಕು. ಹರ್ಟ್ಸ್ ಕಾದನು.

ಅಷ್ಟರಲ್ಲಿ ಯುದ್ಧ ಬಂದಿತು. 1943ರಲ್ಲಿ ಅವನು ನೌಕಾಪಡೆಗೆ ಹೋದನು. ಅವನ ಕೆಲಸವನ್ನು ಡಾ॥ ಅರ್ಲ್ ಚ್ಯಾಪ್‌ಮನ್ ವಹಿಸಿಕೊಂಡು, ಸಾಮಾನ್ಯ ಅಯೋಡಿನ್ನನ್ನು ಬಿಟ್ಟು, ವಿಕಿರಣ ಅಯೋಡಿನ್ನಿನ ಪ್ರಮಾಣವನ್ನು ಹೆಚ್ಚಿಸಿ, ಹೊಸ ರೋಗಿಗಳಿಗೆ ಕೊಟ್ಟನು. ಅದೇ ವರ್ಷ ಬಾಸ್ಟನ್ನಿನಲ್ಲಿಯೇ ಎಡ್ವಿನ್ ಆಸ್ಟ್‌ವುಡ್ ಥಯೊಯುರಾಸಿಲ್ ಮುಂತಾದ ಔಷಧಗಳಿಂದ ಗ್ರಂಥಿಯ ದುಡಿತವನ್ನು ತಗ್ಗಿಸಬಹುದೆಂದು ಪ್ರಕಟಿಸಿದ್ದನು. ಹೀಗೆ ಹರ್ಟ್ಸ್ ದೂರವಿದ್ದಾಗ ಅವನ ಚಿಕಿತ್ಸೆಗೆ ಮನೆಯಲ್ಲಿಯೂ ಹೊರಗೂ ಸ್ಪರ್ಧಿಗಳು ಹುಟ್ಟಿಕೊಂಡರು. ಯುದ್ಧ ಮುಗಿದ ಮೇಲೆ ಹಳೆಯ ಸ್ಥಾನ ಅವನಿಗೆ ಮರಳಿ ದೊರೆಯಲಿಲ್ಲ. ತಾನು ನೆಟ್ಟ ಗಿಡದ ಹಣ್ಣು ಬೇರೆಯವರ ಕೈಸೇರುವ ಹಾಗಾಯಿತು. 1946ರ ಮೇ 11ರಂದು ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಎರಡು ಲೇಖನಗಳು ಒಟ್ಟಿಗೆ ಅಚ್ಚಾದವು: ಹರ್ಟ್ಸ್ ಮತ್ತು ರಾಬರ್ಟ್ಸ್ ನೋಡಿದ 29 ರೋಗಿಗಳದು ಒಂದು, ಚ್ಯಾಪ್‌ಮನ್ ಮತ್ತು ರಾಬ್ಲಿ ಇವಾನ್ಸ್ ನೋಡಿದ 22 ರೋಗಿಗಳದು ಮತ್ತೊಂದು. ಎರಡರಲ್ಲಿಯೂ ಬಹುಮಂದಿ ಗುಣಹೊಂದಿದ್ದರು.

ಇದರಲ್ಲೊಂದು ವಿಚಿತ್ರವುಂಟು. ಹರ್ಟ್ಸ್‌ನಿಗೆ ಅತ್ಯಂತ ನೋವು ತಂದ ಆ ಎರಡನೆಯ ಲೇಖನವೇ ಅವನ ಚಿಕಿತ್ಸೆಗೆ ದೃಢವಾದ ಸಾಕ್ಷಿಯೂ ಆಯಿತು. ಸಾಮಾನ್ಯ ಅಯೋಡಿನ್ನಿನ ಊರೆಗೋಲಿಲ್ಲದೆಯೇ ಮದ್ದು ನಿಲ್ಲಬಲ್ಲದೆಂದು ಅದು ತೋರಿಸಿತು. ಐದು ವರ್ಷಗಳ ಹಿಂದಿನ ರೋಗಿಗಳೂ ನೆಮ್ಮದಿಯಾಗಿದ್ದಾರೆಂದು ಹರ್ಟ್ಸ್‌ನ ಲೇಖನ ತೋರಿಸಿತು. ಒಂದಕ್ಕೊಂದು ಪೂರಕವಾದ ಸಾಕ್ಷಿಗಳು ಇವು. ಸಂದೇಹಪಟ್ಟವರು ಸತ್ಯಕ್ಕೆ ಉಪಕಾರ ಮಾಡಿದರು; ಆದರೆ ಅದರ ಬೆಲೆಯನ್ನು ತೆತ್ತವನು ಹರ್ಟ್ಸ್.

ಅವನು ಬಾಸ್ಟನ್ನಿನ ಬೆತ್ ಇಸ್ರೇಲ್ ಆಸ್ಪತ್ರೆಯನ್ನು ಸೇರಿ, 1946ರಲ್ಲಿಯೇ ವಿಕಿರಣ ವಸ್ತುಗಳ ಸಂಶೋಧನ ಸಂಸ್ಥೆಯೊಂದನ್ನು ಸ್ಥಾಪಿಸಿದನು. ಆ ಹೊತ್ತಿಗೆ ಬಾಂಬಿಗಾಗಿ ಕಟ್ಟಿದ ಓಕ್ ರಿಜ್‌ನ ಅಣುಕುಲುಮೆ ಆಸ್ಪತ್ರೆಗಳಿಗೂ ವಿಕಿರಣ ಅಯೋಡಿನ್ ಒದಗಿಸತೊಡಗಿತ್ತು. 1950ರ ಜುಲೈ 28ರಂದು ಹೃದಯಾಘಾತದಿಂದ ಹರ್ಟ್ಸ್ ತೀರಿಕೊಂಡನು. ಮರುವರ್ಷವೇ ಅಮೆರಿಕದ ಸರಕಾರ ಥೈರಾಯಿಡ್ ರೋಗಿಗಳಿಗೆ ವಿಕಿರಣ ಅಯೋಡಿನ್ ಮಾರಲು ಒಪ್ಪಿಗೆ ಕೊಟ್ಟಿತು. ಅದನ್ನು ನೋಡಲು ಅವನಿರಲಿಲ್ಲ.

ಇಂದು ಈ ರೋಗಕ್ಕೆ ಮೂರು ದಾರಿಗಳಿವೆ: ಮಾತ್ರೆ, ವಿಕಿರಣ ಅಯೋಡಿನ್, ಶಸ್ತ್ರಚಿಕಿತ್ಸೆ. ಹರ್ಟ್ಸ್‌ನ ದಾರಿಯೂ ದೋಷರಹಿತವೇನಲ್ಲ. ಅದನ್ನು ಪಡೆದ ಅನೇಕರ ಗ್ರಂಥಿ ಮುಂದೆ ಪೂರ್ತಿ ಕುಗ್ಗಿ, ಜೀವಮಾನವೆಲ್ಲ ಥೈರಾಕ್ಸಿನ್ ಮಾತ್ರೆ ನುಂಗಬೇಕಾಗುತ್ತದೆ. ಗರ್ಭಿಣಿಯರಿಗೆ ಅದನ್ನು ಕೊಡುವಂತಿಲ್ಲ. ಕೆಲವರಿಗೆ ಕಣ್ಣಿನ ತೊಂದರೆ ಹೆಚ್ಚಬಹುದು. ಆದರೂ ಕತ್ತಿಯೊಂದೇ ಗತಿಯೆಂಬ ಕಾಲ ಹೋಯಿತು. ರೋಗಿ ವೈದ್ಯನ ಮುಂದೆ ಕುಳಿತು, ಬೇರೆ ದಾರಿಯಿಲ್ಲವೆ ಎಂದು ಕೇಳಬಹುದಾದ ಕಾಲ ಬಂದಿದೆ.

ಸಹಪಾಠಿಗಳೇ, ಕಲಾ ಕಾಲೇಜಿನವರಾದ ನಮಗೆ ಅಯೋಡಿನ್ನಿನ ಗೊಡವೆ ಏಕೆಂದು ನೀವು ಕೇಳಬಹುದು. ಉಪನ್ಯಾಸ ಮುಗಿದಾಗ ಪ್ರಶ್ನೆಗಳಿವೆಯೆ ಎಂದು ಅಧ್ಯಾಪಕರು ಕೇಳುತ್ತಾರೆ. ನಾವು ತಲೆ ತಗ್ಗಿಸಿ ಕುಳಿತಿರುತ್ತೇವೆ. ಅಂದು ಆ ಸಭೆಯಲ್ಲಿ ಎದ್ದು ನಿಂತವನು ಒಬ್ಬನೇ ಒಬ್ಬ ವೈದ್ಯ. ಕೇಳಿದ್ದು ಒಂದೇ ಒಂದು ಪ್ರಶ್ನೆ. ಉತ್ತರ ಬರಲು ಒಂದು ತಿಂಗಳು ಹಿಡಿಯಿತು. ಆ ಉತ್ತರವನ್ನು ಲೋಕ ಒಪ್ಪಲು ಒಂದು ಆಯುಷ್ಯವೇ ಹಿಡಿಯಿತು.