90 ಡಾಲರಿನ ಮುಖಪುಟ: ಮಾರ್ಗರೆಟ್ ಬ್ರಂಡೇಜ್ ಬಿಡಿಸಿದ ಹೆಂಗಸರು

ಕತ್ತಿ ಹಿಡಿದ ವೀರ, ಮಾಂತ್ರಿಕ, ರಾಕ್ಷಸ, ಜತೆಗೊಬ್ಬ ಅರೆಬೆತ್ತಲೆ ಸುಂದರಿ. ಹಳೇ ಫ್ಯಾಂಟಸಿ ಕತೆಗಳ ಮುಖಪುಟ ಅಂದ್ರೆ ಹೆಚ್ಚುಕಡಿಮೆ ಇಷ್ಟೇ. ಇಂಥ ಚಿತ್ರ ನೋಡಿದಾಗ ಬಿಡಿಸಿದವನು ಗಂಡಸೇ ಅಂತ ನಾವು ಕೇಳದೆಯೇ ಒಪ್ಪಿಕೊಂಡುಬಿಡ್ತೀವಿ. ಆದರೆ 1930ರ ದಶಕದಲ್ಲಿ ಈ ಬಗೆಯ ಚಿತ್ರಗಳಿಗೆ ಅಮೆರಿಕದಲ್ಲಿ ದಾರಿ ಹಾಕಿಕೊಟ್ಟವರಲ್ಲಿ ಮುಖ್ಯರಾದವರು ಒಬ್ಬ ಹೆಂಗಸು. ಎಡಪಂಥೀಯರ ಅಡ್ಡೆಯಲ್ಲಿ ಓಡಾಡಿಕೊಂಡಿದ್ದವರು, ಮಗನನ್ನೂ ಕಾಯಿಲೆಯ ತಾಯಿಯನ್ನೂ ಸಾಕಬೇಕಿದ್ದವರು. ಹೆಸರು ಮಾರ್ಗರೆಟ್ ಬ್ರಂಡೇಜ್.

ಅವರ ಚಿತ್ರಗಳಲ್ಲಿ ಮೂರು ನನಗೆ ತುಂಬಾ ಇಷ್ಟ. ಆದರೆ ಅವನ್ನು ಬರೀ ಚಿತ್ರಗಳಾಗಿ ನೋಡಿದರೆ ಅರ್ಧವಷ್ಟೇ ಕಾಣುತ್ತೆ. ಉಳಿದರ್ಧ ಅವರ ಬದುಕಿನಲ್ಲಿದೆ.

ಮಾರ್ಗರೆಟ್ ಹುಟ್ಟಿದ್ದು 1900ರ ಡಿಸೆಂಬರ್ 9ರಂದು, ಶಿಕಾಗೋದಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಓದಿದ್ದು ಮೆಕಿನ್ಲಿ ಹೈಸ್ಕೂಲಿನಲ್ಲಿ. ಮುಂದೆ ಮಿಕ್ಕಿ ಮೌಸ್‌ನಿಂದ ಜಗತ್ತನ್ನೇ ಗೆದ್ದ ವಾಲ್ಟ್ ಡಿಸ್ನಿ ಓದಿದ್ದೂ ಅದೇ ಶಾಲೆಯಲ್ಲಿ. ಆಮೇಲೆ ಶಿಕಾಗೋ ಅಕಾಡೆಮಿ ಆಫ್ ಫೈನ್ ಆರ್ಟ್ಸ್ ಸೇರಿದರು. ಹೊಟ್ಟೆಪಾಡಿಗೆ ಹಿಡಿದದ್ದು ಪತ್ರಿಕೆಗಳಿಗೆ ಫ್ಯಾಶನ್ ಚಿತ್ರ ಬಿಡಿಸುವ ಕೆಲಸ. ಬಟ್ಟೆ ಮೈಮೇಲೆ ಹೇಗೆ ಕೂರುತ್ತೆ, ಹೇಗೆ ಜಾರುತ್ತೆ ಅನ್ನೋದು ಕೈಗೆ ಹತ್ತಿದ್ದು ಅಲ್ಲೇ.

ಆಗ ಶಿಕಾಗೋದಲ್ಲಿ ಡಿಲ್ ಪಿಕಲ್ ಕ್ಲಬ್ ಅಂತ ಒಂದು ಜಾಗವಿತ್ತು. ಅನಾರ್ಕಿಸ್ಟರು, ಕವಿಗಳು, ಊರೂರು ಅಲೆಯುವ ಕೂಲಿಗಳು, ಪ್ರೊಫೆಸರುಗಳು ಒಂದೇ ಸೂರಿನಡಿ ಕೂತು ಕ್ರಾಂತಿಯಿಂದ ಹಿಡಿದು ಕಾಮದವರೆಗೆ ಎಲ್ಲದರ ಬಗ್ಗೆ ಜಗಳ ಆಡುತ್ತಿದ್ದರು. ಮಾರ್ಗರೆಟ್‌ಗೆ ಸ್ಲಿಮ್ ಬ್ರಂಡೇಜ್ ಸಿಕ್ಕಿದ್ದು ಅಲ್ಲೇ. ಮನೆಗಳಿಗೆ ಬಣ್ಣ ಬಳಿಯುವ ಕಾರ್ಮಿಕ, ಐಡಬ್ಲ್ಯೂಡಬ್ಲ್ಯೂ ಅನ್ನುವ ಕ್ರಾಂತಿಕಾರಿ ಕಾರ್ಮಿಕ ಸಂಘಟನೆಯವನು, ಒಳ್ಳೆ ಮಾತುಗಾರ. 1927ರಲ್ಲಿ ಮದುವೆಯಾಯಿತು, ಒಬ್ಬ ಮಗ ಹುಟ್ಟಿದ.

ಸ್ಲಿಮ್‌ನ ಕ್ರಾಂತಿ ಮನೆಯೊಳಗೆ ಬರಲಿಲ್ಲ. ಕುಡಿತ ಇತ್ತು, ಮನೆಯಲ್ಲಿ ಇರುತ್ತಿದ್ದದ್ದೇ ಕಮ್ಮಿ. ಮುಂದೆ 1951ರಲ್ಲಿ ಆತ ಕಾಲೇಜ್ ಆಫ್ ಕಾಂಪ್ಲೆಕ್ಸಸ್ ಅನ್ನುವ ಮುಕ್ತ ಚರ್ಚೆಯ ವೇದಿಕೆ ಕಟ್ಟಿ ಹೆಸರು ಮಾಡಿದ. ಆದರೆ ಮಹಾ ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಮನೆ ನಡೆಸಿದ್ದು ಮಾರ್ಗರೆಟ್. 1939ರಲ್ಲಿ ಇಬ್ಬರೂ ಬೇರೆಯಾದರು. ಚಳವಳಿಗಳ ಚರಿತ್ರೆ ಬರೆಯುವಾಗ ಭಾಷಣ ಮಾಡಿದವರ ಹೆಸರು ಉಳಿಯುತ್ತೆ, ಅವರ ಮನೆಯ ಬಾಡಿಗೆ ಕಟ್ಟಿದವರ ಹೆಸರು ಉಳಿಯಲ್ಲ. ಇದು ಶಿಕಾಗೋಗೆ ಮಾತ್ರ ಸೇರಿದ ಕತೆಯೇನೂ ಅಲ್ಲ ಬಿಡಿ.

ಕೆಲಸ ಹುಡುಕುತ್ತಾ ಮಾರ್ಗರೆಟ್ ಹೋಗಿ ನಿಂತದ್ದು ವಿಯರ್ಡ್ ಟೇಲ್ಸ್ ಪತ್ರಿಕೆಯ ಬಾಗಿಲಲ್ಲಿ. 1923ರಲ್ಲಿ ಶುರುವಾದ, ಅಗ್ಗದ ಕಾಗದದಲ್ಲಿ ದೆವ್ವ-ಭೂತ, ಮಾಟ-ಮಂತ್ರದ ಕತೆಗಳನ್ನು ಅಚ್ಚು ಹಾಕುತ್ತಿದ್ದ ಪತ್ರಿಕೆ ಅದು. ಅದರ ಸಂಪಾದಕ ಫಾರ್ನ್ಸ್‌ವರ್ತ್ ರೈಟ್ ಮೊದಲು ತನ್ನ ಇನ್ನೊಂದು ಪತ್ರಿಕೆಗೆ ಮಾರ್ಗರೆಟ್ ಕೈಲಿ ಮುಖಪುಟ ಬರೆಸಿದ. 1932ರ ಸೆಪ್ಟೆಂಬರಿನಲ್ಲಿ ವಿಯರ್ಡ್ ಟೇಲ್ಸ್‌ಗೂ ಬರೆಸಿದ. ಸಂಭಾವನೆ ಒಂದು ಮುಖಪುಟಕ್ಕೆ 90 ಡಾಲರ್. 1933ರ ಜೂನ್‌ನಿಂದ 1936ರ ಬೇಸಿಗೆಯ ಕೊನೆವರೆಗೆ ಸತತ 39 ಸಂಚಿಕೆಗಳ ಮುಖಪುಟ ಅವರದೇ. 1945ರ ಹೊತ್ತಿಗೆ ಒಟ್ಟು 66.

ಆಗಿನ ಪತ್ರಿಕೆ ಅಂಗಡಿಯನ್ನು ಊಹಿಸಿಕೊಳ್ಳಿ. ಸಾಲುಸಾಲು ಪತ್ರಿಕೆಗಳು, ಜೇಬಿನಲ್ಲಿ ಕಾಸಿಲ್ಲದ ಓದುಗ. ಅವನು ಕತೆ ಓದಿ ಕೊಳ್ಳಲ್ಲ, ಮುಖಪುಟ ನೋಡಿ ಕೊಳ್ತಾನೆ. ಇವತ್ತು ವಿಡಿಯೋ ಒಳಗೆ ಏನಿದೆ ಅನ್ನೋದಕ್ಕಿಂತ ಥಂಬ್‌ನೇಲ್ ಹೇಗಿದೆ ಅನ್ನೋದೇ ಮುಖ್ಯ ಆಗಿದೆಯಲ್ಲ, ಇದೂ ಹಾಗೇ. ಬೆತ್ತಲೆ ಮೈ ಮಾರಾಟವಾಗುತ್ತೆ ಅಂತ ಗೊತ್ತಾದ ಮೇಲೆ ಸಂಪಾದಕ ಅಂಥದ್ದನ್ನೇ ಕೇಳಿದ. ಮುಖಪುಟದ ಕತೆ ತಮ್ಮದಾಗಲಿ ಅಂತ ಕತೆಗಾರರು ಬೇಕಂತಲೇ ಅಂಥ ದೃಶ್ಯಗಳನ್ನು ತುರುಕತೊಡಗಿದರು. ಮಾರುಕಟ್ಟೆ ಕತೆಯನ್ನೇ ತಿದ್ದುವುದು ಅಂದ್ರೆ ಇದೇ.

ನನ್ನ ಮೊದಲ ಆಯ್ಕೆ 1933ರ ಅಕ್ಟೋಬರ್ ಸಂಚಿಕೆ. ಬಾವಲಿಯ ಆಕಾರದ ಕಪ್ಪು ಮುಖವಾಡ ತೊಟ್ಟ ಒಬ್ಬ ಬಿಳಿಚು ಹೆಂಗಸು. ಬ್ಯಾಟ್‌ಮ್ಯಾನ್ ಹುಟ್ಟಿದ್ದು 1939ರಲ್ಲಿ, ನೆನಪಿಡಿ. ಚಾಟಿ ಇಲ್ಲ, ಬಿಡಿಸಿಕೊಳ್ಳೋಕೆ ಬರುವ ಗಂಡಸಿಲ್ಲ. ಇಲ್ಲಿ ಹೆದರಬೇಕಾದವರು ನಾವು, ಅವಳಲ್ಲ. ಮಾರ್ಗರೆಟ್ ಬಳಸುತ್ತಿದ್ದದ್ದು ಎಣ್ಣೆ ಬಣ್ಣವಲ್ಲ, ಪೇಸ್ಟಲ್. ಸೀಮೆಸುಣ್ಣದಂಥ ಒಣ ಬಣ್ಣದ ಕಡ್ಡಿ. ಅದಕ್ಕೇ ಅವರ ಚಿತ್ರಗಳಲ್ಲಿ ಚರ್ಮಕ್ಕೆ ಒಂದು ಮೃದುವಾದ ಬೆಳಕಿದೆ. ಅದೇ ಕಾರಣಕ್ಕೆ ಬೆರಳು ತಾಕಿದರೂ ಬಣ್ಣ ಉದುರುತ್ತೆ.

ಎರಡನೆಯದು 1934ರ ಅಕ್ಟೋಬರಿನದು. ಸಿ. ಎಲ್. ಮೂರ್ ಬರೆದ ಬ್ಲ್ಯಾಕ್ ಗಾಡ್ಸ್ ಕಿಸ್ ಕತೆಗೆ ಬಿಡಿಸಿದ ಚಿತ್ರ. ಕತೆಯ ನಾಯಕಿ ಜಿರೆಲ್ ತನ್ನ ಕೋಟೆಯನ್ನು ತಾನೇ ಆಳುವ ಯೋಧೆ. ಕತ್ತಿ-ಮಾಂತ್ರಿಕರ ಕತೆಗಳಿಗೆ ಹೆಣ್ಣೊಬ್ಬಳು ನಾಯಕಿಯಾಗಿ ಕಾಲಿಟ್ಟದ್ದು ಅವಳ ಮೂಲಕ. ಕತೆಯಲ್ಲಿ ಅವಳು ತೊಡುವುದು ಕಬ್ಬಿಣದ ಬಳೆಗಳ ಅಂಗಿ. ಮುಖಪುಟದಲ್ಲಿ ಅದರ ಸುಳಿವೇ ಇಲ್ಲ, ತೆಳು ಬಟ್ಟೆಯಲ್ಲಿ ಕಲ್ಲಿನ ವಿಗ್ರಹಕ್ಕೆ ಮುತ್ತಿಡುತ್ತಿದ್ದಾಳೆ. ಸಿ. ಎಲ್. ಅಂದ್ರೆ ಕ್ಯಾಥರೀನ್ ಲುಸಿಲ್. ಆಕೆ ಬ್ಯಾಂಕ್ ಉದ್ಯೋಗಿ. ಬೇರೆ ಸಂಪಾದನೆ ಇದೆ ಅಂತ ಗೊತ್ತಾದರೆ ಕೆಲಸ ಹೋದೀತು ಅಂತ ಇನಿಷಿಯಲ್ ಹಿಂದೆ ಅಡಗಿದ್ದರು. ಇತ್ತ ಮಾರ್ಗರೆಟ್ ಸಹಿ ಬರೀ ಎಂ. ಬ್ರಂಡೇಜ್. ಬರೆದವಳೂ ಹೆಂಗಸು, ಬಿಡಿಸಿದವಳೂ ಹೆಂಗಸು, ಇಬ್ಬರ ಹೆಸರೂ ಅರ್ಧ. ಕೊನೆಗೆ ಕವಚ ಕಳಚಿದ್ದು ಜಿರೆಲ್‌ನ ಮೈಮೇಲಿಂದ. ನನಗೆ ಈ ಚಿತ್ರ ಇಷ್ಟವಾಗುವುದೂ, ಇದನ್ನು ನೋಡಿದಾಗ ಸಿಟ್ಟು ಬರುವುದೂ ಅದಕ್ಕೇ.

ಮೂರನೆಯದು ಅದೇ ವರ್ಷದ ಮೇ ತಿಂಗಳದು. ರಾಬರ್ಟ್ ಇ. ಹೊವಾರ್ಡ್‌ನ ಕೋನನ್ ಕತೆಗಳಿಗೆ ಮಾರ್ಗರೆಟ್ 9 ಮುಖಪುಟ ಬಿಡಿಸಿದ್ದಾರೆ. ಮುಖಪುಟದಲ್ಲಿ ಕೋನನ್‌ಗೆ ಮೊದಲು ರೂಪ ಕೊಟ್ಟವರೇ ಅವರು. ಇದು ಕ್ವೀನ್ ಆಫ್ ದ ಬ್ಲ್ಯಾಕ್ ಕೋಸ್ಟ್ ಕತೆಯದು. ಬೆಲಿಟ್ ಸಮುದ್ರ ನಡುಗಿಸುವ ಕಡಲ್ಗಳ್ಳರ ರಾಣಿ, ಆದರೆ ಚಿತ್ರದಲ್ಲಿ ಹೆದರಿ ಕೋನನ್‌ನನ್ನು ತಬ್ಬಿಕೊಂಡಿದ್ದಾಳೆ. ಬಣ್ಣ ಸೊಗಸು, ರಾಜಕೀಯ ಸೋಲು. ಮಾರ್ಗರೆಟ್‌ರನ್ನು ಸ್ತ್ರೀವಾದಿ ವೀರವನಿತೆ ಮಾಡಿ ಮೆರವಣಿಗೆ ಮಾಡುವವರಿಗೆ ನಾನು ತೋರಿಸೋದು ಈ ಚಿತ್ರವನ್ನೇ.

1934ರಲ್ಲೇ ರೈಟ್, ಎಂ. ಅಂದ್ರೆ ಮಾರ್ಗರೆಟ್ ಅಂತ ಓದುಗರಿಗೆ ತಿಳಿಸಿದ. ಚಿತ್ರಗಳು ಅಶ್ಲೀಲ ಅನ್ನುವ ದೂರು ಆಮೇಲೆ ಹೆಚ್ಚಾಯಿತು. ಚಿತ್ರ ಅದೇ, ಬಣ್ಣ ಅದೇ. ಬದಲಾಗಿದ್ದು ಬಿಡಿಸಿದವರ ಲಿಂಗ ಮಾತ್ರ.

1938ರಲ್ಲಿ ಪತ್ರಿಕೆ ಮಾರಾಟವಾಗಿ ನ್ಯೂಯಾರ್ಕಿಗೆ ಹೋಯಿತು. ಅಲ್ಲಿ ಮೇಯರ್ ಫಿಯೊರೆಲ್ಲೋ ಲಾ ಗಾರ್ಡಿಯಾ ಅಂಗಡಿಗಳ ಪತ್ರಿಕೆಗಳನ್ನು ಸ್ವಚ್ಛ ಮಾಡಲು ಹೊರಟಿದ್ದ. ಲಾ ಗಾರ್ಡಿಯಾ ಪ್ರಗತಿಪರ ಮೇಯರ್ ಅಂತ ಹೆಸರಾದವನು ಅನ್ನೋದು ಗಮನಿಸಬೇಕಾದ್ದು. ಬೆತ್ತಲೆ ಹೆಂಗಸರು ಮುಖಪುಟದಿಂದ ಇಳಿದರು. ಉದುರುವ ಪೇಸ್ಟಲ್ ಚಿತ್ರವನ್ನು ಶಿಕಾಗೋದಿಂದ ಅಷ್ಟು ದೂರ ಕಳಿಸುವುದೂ ಕಷ್ಟವಾಯಿತು. ಕೆಲಸ ಕಮ್ಮಿಯಾಗುತ್ತಾ ಬಂತು. ಪ್ರಕಾಶಕರು ಹೊಸ ಕಲಾವಿದರನ್ನು ಹುಡುಕಿಕೊಂಡರು, ಓದುಗರು ಹೊಸ ಮುಖಪುಟಕ್ಕೆ ಒಗ್ಗಿಕೊಂಡರು, ಸಭ್ಯತೆಯ ಪರ ನಿಂತವರು ಗೆದ್ದೆವು ಅಂದುಕೊಂಡರು. ನಷ್ಟವಾದದ್ದು ಮಾರ್ಗರೆಟ್‌ಗೆ.

ಆಮೇಲೆ ಅವರ ಹಣಕಾಸಿನ ಸ್ಥಿತಿ ಸುಧಾರಿಸಲೇ ಇಲ್ಲ. ಆದರೂ ಚಿತ್ರ ಬಿಡಿಸುವುದು ಬಿಡಲಿಲ್ಲ. ಕಪ್ಪು ಕಲಾವಿದರು ಶಿಕಾಗೋದಲ್ಲಿ ಕಟ್ಟಿಕೊಂಡ ಸೌತ್ ಸೈಡ್ ಕಮ್ಯೂನಿಟಿ ಆರ್ಟ್ ಸೆಂಟರಿನ ಜತೆಗೂ ಒಡನಾಟ ಇಟ್ಟುಕೊಂಡಿದ್ದರು. ಉಳಿದಿದ್ದ ಕೆಲವು ಮೂಲ ಚಿತ್ರಗಳು ಕಳುವಾದವು. 1976ರ ಏಪ್ರಿಲ್ 9ರಂದು ತೀರಿಕೊಂಡಾಗ ಕೈಯಲ್ಲಿ ಕಾಸಿರಲಿಲ್ಲ. ಇವತ್ತು ಅವರ ಒಂದು ಮೂಲ ಚಿತ್ರ ಹರಾಜಿಗೆ ಬಂದರೆ ಹತ್ತಾರು ಸಾವಿರ ಡಾಲರಿಗೆ ಹೋಗುತ್ತೆ.

ಇದೇ ಕೋನನ್‌ನನ್ನು 1960ರ ದಶಕದಲ್ಲಿ ಮತ್ತೆ ಬಿಡಿಸಿದವನು ಫ್ರಾಂಕ್ ಫ್ರಜೆಟಾ. ಅವನು ಮೂಲ ಚಿತ್ರಗಳನ್ನು ಪ್ರಕಾಶಕರಿಗೆ ಬಿಟ್ಟುಕೊಡದೆ ತನ್ನಲ್ಲೇ ಉಳಿಸಿಕೊಳ್ಳಲು ಪಟ್ಟು ಹಿಡಿದ. ಅವನ ಈಜಿಪ್ಷಿಯನ್ ಕ್ವೀನ್ ಚಿತ್ರ 2019ರಲ್ಲಿ 54 ಲಕ್ಷ ಡಾಲರಿಗೆ ಹೋಯಿತು. ಅವನ ಪ್ರತಿಭೆಯನ್ನು ನಾನು ಅಲ್ಲಗಳೆಯಲ್ಲ. ಆದರೆ ಪಟ್ಟು ಹಿಡಿಯೋಕೂ ಬೆನ್ನಿಗೆ ಏನಾದ್ರೂ ಇರಬೇಕು. ಕಾಯಿಲೆಯ ತಾಯಿ, ಶಾಲೆಗೆ ಹೋಗೋ ಮಗ, ಇನ್ನೂ ಮುಗಿಯದ ಆರ್ಥಿಕ ಕುಸಿತ. ಇಷ್ಟಿಟ್ಟುಕೊಂಡು 90 ಡಾಲರಿನ ಮೇಜಿನ ಮುಂದೆ ಕೂತವರು ಏನಂತ ಪಟ್ಟು ಹಿಡಿಯೋದು?

ಒಂದು ಚಿತ್ರ ಅಶ್ಲೀಲವೋ ಕಲೆಯೋ ಅನ್ನೋ ಜಗಳ ನಮ್ಮಲ್ಲೂ ವಾರಕ್ಕೊಂದು ನಡೆಯುತ್ತೆ. ಬಲಪಂಥದವರು ಸಂಸ್ಕೃತಿ ಅಂತಾರೆ, ನಾವು ಹೆಣ್ಣಿನ ಘನತೆ ಅಂತೀವಿ. ಎರಡೂ ಕಡೆ ಚರ್ಚೆಯಾಗುವುದು ಚಿತ್ರದೊಳಗಿನ ಮೈ. ಅದನ್ನು ಬಿಡಿಸಿದ ಕೈಗೆ ಎಷ್ಟು ಕೊಟ್ಟರು, ಬೇಡ ಅನ್ನುವ ಅವಕಾಶ ಇತ್ತಾ, ನಿಷೇಧವಾದಾಗ ಯಾರ ಮನೆಯ ಒಲೆ ಆರಿತು ಅಂತ ಯಾರೂ ಕೇಳಲ್ಲ. ಬೆಲಿಟ್‌ಳ ಚಿತ್ರವನ್ನು ಟೀಕಿಸೋಣ, ಟೀಕಿಸಲೇಬೇಕು. ಆದರೆ ಆ ಟೀಕೆಯಲ್ಲಿ ಸಂಪಾದಕನಿಗೂ ಮಾಲೀಕನಿಗೂ ಅವರವರ ಪಾಲು ಸಿಗಲಿ. ಬಣ್ಣದ ಪುಡಿ ಮೆತ್ತಿದ ಕೈಯೊಂದನ್ನೇ ಹಿಡಿದು ನಿಲ್ಲಿಸುವುದು ಸುಲಭ, ಅದು ನ್ಯಾಯ ಅಲ್ಲ.